ಬೀಗ ತೆಗೆದರೆ ಸಾಲದು, ಹಾಕಿಸಿದ್ದು ಯಾವುದೆಂದು ಹುಡುಕಿ

‘ಸರ್ವರ್ ಡೌನ್’ ಎಂಬ ಮಾತಿಗೆ ತಾಲ್ಲೂಕು ಕೇಂದ್ರಗಳ ಜನ ಒಗ್ಗಿಕೊಂಡು ಬಹಳ ವರ್ಷವಾಯಿತು. ಈಗ ಅದರ ಪಕ್ಕದಲ್ಲಿ ‘ಲಾಗಿನ್ ಲಾಕ್ ಆಗಿದೆ’ ಎಂಬುದೂ ಬಂದು ಕೂತಿದೆ. ನಂಜನಗೂಡು ಕೈಗಾರಿಕಾ ಪ್ರದೇಶದ ಯಾವುದೋ ಕಾರ್ಖಾನೆಯ ಸ್ಟೋರ್ಸ್ ಇರಲಿ, ತಿ. ನರಸೀಪುರ ಕಡೆಯ ಸಹಕಾರ ಸಂಘದ ಕೌಂಟರ್ ಇರಲಿ, ಖಾಸಗಿ ನರ್ಸಿಂಗ್ ಹೋಮಿನ ಬಿಲ್ಲಿಂಗ್ ಕೋಣೆ ಇರಲಿ, ಕಂಪ್ಯೂಟರುಗಳನ್ನು ಒಂದು ಜಾಲಕ್ಕೆ ಸೇರಿಸಿ ಪ್ರತಿಯೊಬ್ಬರಿಗೂ ಒಂದೊಂದು ಯೂಸರ್ ನೇಮ್, ಪಾಸ್‌ವರ್ಡ್ ಕೊಟ್ಟಿರುವ ಕಡೆಯಲ್ಲೆಲ್ಲ ಈ ತೊಂದರೆ ಬರಬಹುದಾದದ್ದೇ. ಮೂರೋ ಐದೋ ಸಲ ತಪ್ಪು ಪಾಸ್‌ವರ್ಡ್ ಬಿದ್ದರೆ ಖಾತೆಗೆ ಬೀಗ ಬೀಳುತ್ತದೆ. ಐಟಿಯವರಿಗೆ ಫೋನ್ ಹೋಗುತ್ತದೆ. ಅವರು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೂತು ಮೌಸಿನ ಒಂದು ಕ್ಲಿಕ್ಕಿನಲ್ಲಿ ಬೀಗ ತೆಗೆದು, ‘ಪಾಸ್‌ವರ್ಡ್ ಸರಿಯಾಗಿ ಹೊಡೀರಿ ಮೇಡಂ’ ಎಂದು ಬುದ್ಧಿ ಹೇಳಿ ಫೋನ್ ಇಡುತ್ತಾರೆ. ಊಟದ ಹೊತ್ತಿಗೆ ಅದೇ ಖಾತೆ ಮತ್ತೆ ಲಾಕ್. ನನ್ನ ವಾದ ಇಷ್ಟು: ಒಂದೇ ಖಾತೆ ಪದೇ ಪದೇ ಲಾಕ್ ಆಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಯಂತ್ರವನ್ನು, ಆಮೇಲೆ ಕಚೇರಿಯ ನಿಯಮವನ್ನು, ಕೊನೆಗೆ ಮಾತ್ರ ನೌಕರನನ್ನು. ನಮ್ಮಲ್ಲಿ ಈ ಅನುಕ್ರಮ ತಿರುವುಮುರುವಾಗಿದೆ. ಅದರಿಂದ ಕೆಲಸವೂ ಕೆಡುತ್ತಿದೆ, ಯಾವ ಭದ್ರತೆಗಾಗಿ ಈ ಬೀಗ ಇಟ್ಟಿದ್ದೇವೋ ಅದೂ ಕೆಡುತ್ತಿದೆ.

ಬೀಗ ಬೀಳುವ ಬಗೆಯನ್ನು ತಿಳಿದುಕೊಂಡರೆ ನೌಕರನ ಮೇಲಿನ ಅನುಮಾನ ಅರ್ಧ ಕರಗುತ್ತದೆ. ವಿಂಡೋಸ್ ಜಾಲವಿರುವ ಕಚೇರಿಯಲ್ಲಿ ಪಾಸ್‌ವರ್ಡ್‌ಗಳನ್ನು ಪರೀಕ್ಷಿಸುವುದು ಡೊಮೇನ್ ಕಂಟ್ರೋಲರ್ ಎಂಬ ಸರ್ವರ್. ಅದಕ್ಕೆ ಮೂರು ಸಂಖ್ಯೆಗಳನ್ನು ಹೇಳಿಕೊಟ್ಟಿರುತ್ತಾರೆ: ಎಷ್ಟು ತಪ್ಪಿಗೆ ಬೀಗ, ಬೀಗ ಎಷ್ಟು ಹೊತ್ತು, ತಪ್ಪಿನ ಲೆಕ್ಕ ಎಷ್ಟು ಹೊತ್ತಿಗೆ ಮತ್ತೆ ಸೊನ್ನೆಗೆ ಬರಬೇಕು. ಇಷ್ಟೇ ಅದರ ಜ್ಞಾನ. ತಪ್ಪು ಪಾಸ್‌ವರ್ಡ್ ಬಂದದ್ದು ಮನುಷ್ಯನ ಬೆರಳಿನಿಂದಲೋ, ಅವರ ಹೆಸರಿನಲ್ಲಿ ತಾನಾಗಿ ಓಡುತ್ತಿರುವ ಯಾವುದೋ ಪ್ರೋಗ್ರಾಮಿನಿಂದಲೋ ಎಂದು ಲೆಕ್ಕ ಹಿಡಿಯುವಾಗ ಅದು ಭೇದ ಮಾಡುವುದಿಲ್ಲ. ಇವತ್ತು ಒಬ್ಬ ಸಾಮಾನ್ಯ ಗುಮಾಸ್ತೆಯ ಪಾಸ್‌ವರ್ಡ್ ಆಕೆಯ ತಲೆಯಲ್ಲಿ ಮಾತ್ರ ಇರುವುದಿಲ್ಲ. ಕಚೇರಿಯ ಇಮೇಲ್ ಹಾಕಿಕೊಂಡ ಮೊಬೈಲಿನಲ್ಲಿದೆ, ಅದೇ ಪಾಸ್‌ವರ್ಡ್ ಕೇಳುವ ವೈ-ಫೈ ಸಂಪರ್ಕದಲ್ಲಿದೆ, ‘ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇ?’ ಎಂದು ಕೇಳಿದಾಗ ಹೂಂ ಎಂದ ಹಂಚಿಕೆಯ ಫೋಲ್ಡರಿನಲ್ಲಿದೆ; ರಾತ್ರಿ ಲೆಕ್ಕಪತ್ರದ ನಕಲು ತೆಗೆಯಲು ಯಾರೋ ಆಕೆಯ ಹೆಸರಿನಲ್ಲೇ ಹಾಕಿಟ್ಟ ನಿಗದಿತ ಕೆಲಸದಲ್ಲಿದೆ. ಲಾಗೌಟ್ ಮಾಡದೆ ಬರೀ ಕಿಟಕಿ ಮುಚ್ಚಿ ಎದ್ದುಬಂದ ರಿಮೋಟ್ ಡೆಸ್ಕ್‌ಟಾಪ್ ಕೂಡ ಹಳೆಯ ಗುರುತನ್ನು ಹಿಡಿದುಕೊಂಡು ಒಳಗೆ ಬದುಕಿಯೇ ಇರುತ್ತದೆ. ಆಕೆ ಶುಕ್ರವಾರ ಸಂಜೆ, ಅವಧಿ ಮುಗಿಯಿತೆಂದು ಕಂಪ್ಯೂಟರ್ ಒತ್ತಾಯಿಸಿದ್ದಕ್ಕೆ ಪಾಸ್‌ವರ್ಡ್ ಬದಲಿಸಿ ಮನೆಗೆ ಹೋಗುತ್ತಾಳೆ. ಉಳಿದವುಗಳಿಗೆ ಆ ಸುದ್ದಿ ತಿಳಿಸುವವರು ಯಾರು? ಸೋಮವಾರ ಬೆಳಿಗ್ಗೆ ಗೇಟಿನೊಳಗೆ ಕಾಲಿಟ್ಟ ಕೂಡಲೇ ಬ್ಯಾಗಿನೊಳಗಿನ ಮೊಬೈಲು ಹಳೆಯ ಪಾಸ್‌ವರ್ಡ್ ಹಿಡಿದು ವೈ-ಫೈ ಬಾಗಿಲು ತಟ್ಟಲು ಶುರುಮಾಡುತ್ತದೆ. ಆಕೆ ಕುರ್ಚಿಯಲ್ಲಿ ಕೂರುವ ಹೊತ್ತಿಗೆ ತಪ್ಪುಗಳ ಕೋಟಾ ಮುಗಿದಿರಬಹುದು.

ಹೊತ್ತನ್ನು ನೋಡಿದರೇ ಬಹಳಷ್ಟು ಗೊತ್ತಾಗುತ್ತದೆ. ರಾತ್ರಿ ಎರಡಕ್ಕೆ ಲಾಕ್ ಆದ ಖಾತೆಯ ಒಡೆಯ ಆಗ ಮನೆಯಲ್ಲಿ ಮಲಗಿದ್ದ ಎಂದಾದರೆ ತಪ್ಪು ಹೊಡೆದದ್ದು ಅವನಲ್ಲ. ಸರಿಯಾಗಿ ಅರ್ಧ ಗಂಟೆಗೊಮ್ಮೆ, ಗಡಿಯಾರ ಹಿಡಿದು ಲಾಕ್ ಆಗುತ್ತಿದ್ದರೆ ಅದೂ ಮನುಷ್ಯನ ಕೆಲಸವಲ್ಲ. ಬೆರಳಿಗೆ ಅಷ್ಟು ಶಿಸ್ತು ಇರುವುದಿಲ್ಲ. ಹೊತ್ತಿಗಿಂತ ಖಚಿತವಾದ ಸಾಕ್ಷಿ ಸರ್ವರಿನ ದಾಖಲೆಯಲ್ಲಿದೆ. ಡೊಮೇನ್ ಕಂಟ್ರೋಲರಿನಲ್ಲಿ ಘಟನೆಗಳನ್ನು ದಾಖಲಿಸುವ ವ್ಯವಸ್ಥೆ ಚಾಲೂ ಇದ್ದರೆ, ಖಾತೆಗೆ ಬೀಗ ಬಿದ್ದಾಗಲೆಲ್ಲ ಸೆಕ್ಯುರಿಟಿ ಲಾಗಿನಲ್ಲಿ 4740 ಎಂಬ ಸಂಖ್ಯೆಯ ಒಂದು ನಮೂದು ಬೀಳುತ್ತದೆ. ಅದರಲ್ಲಿ ಲಾಕ್ ಆದ ಖಾತೆಯ ಹೆಸರಿನ ಜತೆಗೆ ಇನ್ನೊಂದು ಹೆಸರೂ ಇರುತ್ತದೆ, ಆ ತಪ್ಪು ಪಾಸ್‌ವರ್ಡ್ ಯಾವ ಕಂಪ್ಯೂಟರಿನಿಂದ ಬಂತು ಎಂಬುದು. ಅಷ್ಟು ಸಿಕ್ಕರೆ ಆ ಕಂಪ್ಯೂಟರಿನ ಎದುರು ಹೋಗಿ ಕೂರಬಹುದು. ಅಲ್ಲಿ 4625 ಎಂಬ ಇನ್ನೊಂದು ನಮೂದು ವಿಫಲವಾದ ಪ್ರತಿ ಪ್ರಯತ್ನದ ವಿವರ ಕೊಡುತ್ತದೆ. ಕಂಟ್ರೋಲ್ ಪ್ಯಾನಲ್ಲಿನ ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆದರೆ, ಆಗ ಲಾಗಿನ್ ಆಗಿರುವವರ ಖಾತೆಯಲ್ಲಿ ಆ ಯಂತ್ರ ಯಾವ ಯಾವ ಪಾಸ್‌ವರ್ಡ್ ಉಳಿಸಿಕೊಂಡಿದೆ ಎಂಬುದು ಕಾಣುತ್ತದೆ. ಟಾಸ್ಕ್ ಶೆಡ್ಯೂಲರ್ ನೋಡಿದರೆ ಯಾರ ಹೆಸರಿನಲ್ಲಿ ಯಾವ ಕೆಲಸ ಓಡುತ್ತಿದೆ ಎಂಬುದು. ಯಂತ್ರದ ಹೆಸರಿನ ಜಾಗ ಖಾಲಿ ಇದ್ದರೆ, ಅಥವಾ ಅಲ್ಲಿ ಮೇಲ್ ಸರ್ವರಿನ ಹೆಸರಿದ್ದರೆ, ಮೊಬೈಲನ್ನೋ ಹೊರಗಿನಿಂದ ಬರುವ ಪ್ರಯತ್ನವನ್ನೋ ಹುಡುಕಬೇಕು. ಇದಕ್ಕೆ ದುಬಾರಿ ತಂತ್ರಾಂಶ ಬೇಡ. ಯಾವ ಡೊಮೇನ್ ಕಂಟ್ರೋಲರಿನಲ್ಲಿ ಎಷ್ಟು ತಪ್ಪು ಎಣಿಕೆಯಾಗಿದೆ ಎಂದು ತೋರಿಸುವ ಸಣ್ಣ ಸಾಧನವೊಂದನ್ನು ಮೈಕ್ರೋಸಾಫ್ಟ್ ಕಂಪನಿಯೇ ಬಹಳ ಹಿಂದೆ ಪುಕ್ಕಟೆಯಾಗಿ ಕೊಟ್ಟಿದೆ.

ಹಾಗಿದ್ದೂ ಯಾರೂ ಏಕೆ ನೋಡುವುದಿಲ್ಲ? ಬೀಗ ತೆಗೆಯಲು ಅರ್ಧ ನಿಮಿಷ ಸಾಕು, ಕಾರಣ ಹುಡುಕಲು ಅರ್ಧ ದಿನ ಬೇಕಾಗಬಹುದು. ನಿರ್ವಹಣೆಯ ಗುತ್ತಿಗೆ ಪಡೆದವರ ಕೆಲಸವನ್ನು ಅಳೆಯುವುದು ‘ದೂರು ಎಷ್ಟು ಬೇಗ ಮುಚ್ಚಿದಿರಿ’ ಎಂಬುದರ ಮೇಲಾದರೆ ಅವರು ಬೀಗ ತೆಗೆದು ಮುಂದೆ ಹೋಗುವುದೇ ಲಾಭ. ಒಂದೇ ಖಾತೆ ವಾರದಲ್ಲಿ ಆರು ಸಲ ಲಾಕ್ ಆದರೆ ಅವರ ಪುಸ್ತಕದಲ್ಲಿ ಅದು ಆರು ಯಶಸ್ಸು. ಪಂಪ್‌ಸೆಟ್ಟಿನ ಫ್ಯೂಸ್ ಹಾರಿದಾಗಲೆಲ್ಲ ಹೊಸ ತಂತಿ ಕಟ್ಟಿ, ಎಲ್ಲಿ ಶಾರ್ಟ್ ಆಗುತ್ತಿದೆ ಎಂದು ನೋಡದೆ ಮನೆಗೆ ಹೋಗುವವನನ್ನು ಕಾವೇರಿ ಬಯಲಿನ ಯಾವ ಭತ್ತದ ರೈತನೂ ಎರಡನೇ ಸಲ ಕರೆಯುವುದಿಲ್ಲ. ಕಚೇರಿಗಳಲ್ಲಿ ಅಂಥವರನ್ನು ವರ್ಷಾನುಗಟ್ಟಲೆ ಕರೆಯುತ್ತಲೇ ಇದ್ದೇವೆ.

ಇದನ್ನು ಬರೀ ಕಿರಿಕಿರಿ ಎಂದು ತಳ್ಳಿಹಾಕುವವರು 2008ರ ಕೊನೆಯಲ್ಲಿ ಹರಡಿದ ಕಾನ್ಫಿಕರ್ ಎಂಬ ವರ್ಮ್ ಅನ್ನು ನೆನಪಿಸಿಕೊಳ್ಳಬೇಕು. ವಿಂಡೋಸಿನ ಒಂದು ದೋಷದ ಮೂಲಕ ಒಳನುಗ್ಗುತ್ತಿದ್ದ ಅದು, ತನ್ನಲ್ಲಿದ್ದ ಸಾಮಾನ್ಯ ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದು ಜಾಲದ ಇತರ ಕಂಪ್ಯೂಟರುಗಳ ಬಾಗಿಲನ್ನೂ ಒಂದೊಂದಾಗಿ ಪ್ರಯತ್ನಿಸುತ್ತಿತ್ತು. ಸೋಂಕು ತಗಲಿದ ಎಷ್ಟೋ ಸಂಸ್ಥೆಗಳಲ್ಲಿ ಕಣ್ಣಿಗೆ ಬಿದ್ದ ಲಕ್ಷಣಗಳಲ್ಲೊಂದು, ಖಾತೆಗಳು ಸಾಲುಸಾಲಾಗಿ ಲಾಕ್ ಆಗತೊಡಗಿದ್ದು. ಅಂದರೆ ಬೀಗ ಬಿದ್ದದ್ದೇ ಒಂದು ಸಮಾಚಾರ. ಹತ್ತರಲ್ಲಿ ಒಂಬತ್ತು ಸಲ ಅದು ಮರೆತುಹೋದ ಮೊಬೈಲಿನ ಸಮಾಚಾರವೇ ಇರಬಹುದು. ಹತ್ತನೆಯದು ಒಳಗೆ ನುಗ್ಗಿದವರದೋ, ನುಗ್ಗಲು ನೋಡುತ್ತಿರುವವರದೋ ಆಗಿದ್ದರೆ? ಕಾರಣ ಕೇಳದೆ ಬೀಗ ತೆಗೆದುಕೊಡುವ ಕಚೇರಿಗೆ ಎರಡನ್ನೂ ಬೇರ್ಪಡಿಸಿ ನೋಡುವ ಅವಕಾಶವೇ ಇರುವುದಿಲ್ಲ. ನಮ್ಮ ರಾಜ್ಯದ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ 2025ರ ಆರಂಭದಲ್ಲಿ ಇಂಥದ್ದೇ ಯಂತ್ರಚಾಲಿತ ಹಾವಳಿಗೆ ಸಿಕ್ಕಿ ಉಪನೋಂದಣಿ ಕಚೇರಿಗಳ ಕೆಲಸ ಕುಂಟಿತು. ಅಲ್ಲಿ ನಡೆದದ್ದು ಪಾಸ್‌ವರ್ಡ್ ಊಹಿಸುವ ಆಟವಲ್ಲ, ಸರ್ವರಿಗೆ ಸುಳ್ಳು ಬೇಡಿಕೆಗಳ ಮಳೆ ಸುರಿಸಿದ್ದು. ಆದರೂ ತಾಲ್ಲೂಕು ಮಟ್ಟದ ಸರ್ಕಾರಿ ಕೌಂಟರುಗಳು ಇಂಥವರ ಕಣ್ಣಿಗೆ ಬೀಳದಷ್ಟು ಸಣ್ಣವು ಎಂಬ ಸಮಾಧಾನಕ್ಕೆ ಈಗ ಆಧಾರವಿಲ್ಲ.

ಯಂತ್ರದ ನಂತರ ನಿಯಮದ ಸರದಿ. ಪದೇ ಪದೇ ಲಾಕ್ ಆಗುವುದಕ್ಕೆ ಬೇರುಮಟ್ಟದ ಕಾರಣ ಎರಡು: 30, 45 ಅಥವಾ 90 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕು ಎಂಬ ಕಟ್ಟಳೆ, ಮತ್ತು ಮೂರು ತಪ್ಪಿಗೇ ಬೀಗ ಎಂಬ ಬಿಗಿ. ಮೊದಲನೆಯದು ಹುಟ್ಟಿದ್ದು ಸದುದ್ದೇಶದಿಂದಲೇ. ಕದ್ದ ಪಾಸ್‌ವರ್ಡ್ ಮೂರು ತಿಂಗಳಿಗೆ ಹಳಸಲಿ ಎಂಬ ಲೆಕ್ಕ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಈ ಲೆಕ್ಕವನ್ನು ಒರೆಗೆ ಹಚ್ಚಿದರು. ತಮ್ಮ ವಿಶ್ವವಿದ್ಯಾಲಯದ ಸಾವಿರಾರು ಹಳೆಯ ಖಾತೆಗಳ ಪಾಸ್‌ವರ್ಡ್ ಚರಿತ್ರೆಯನ್ನು ತೆಗೆದು ನೋಡಿದಾಗ, ಒಬ್ಬರ ಹಿಂದಿನ ಪಾಸ್‌ವರ್ಡ್ ಗೊತ್ತಿದ್ದರೆ ಶೇ 17ರಷ್ಟು ಖಾತೆಗಳಲ್ಲಿ ಹೊಸದನ್ನು ಐದೇ ಊಹೆಗಳೊಳಗೆ ಹಿಡಿಯಬಹುದಿತ್ತು. ಕಂಪ್ಯೂಟರಿಗೆ ಕೆಲವೇ ಸೆಕೆಂಡು ಬಿಟ್ಟುಕೊಟ್ಟರೆ ಹಾಗೆ ಮುರಿದು ಬೀಳುತ್ತಿದ್ದವು ಶೇ 41. ಆಶ್ಚರ್ಯವೇನಿಲ್ಲ. ‘ನಂಜುಂಡ@123’ ಇದ್ದದ್ದು ‘ನಂಜುಂಡ@124’ ಆಗುತ್ತದೆ. ‘ಕಪಿಲಾ2024’ ಇದ್ದದ್ದು ಹೊಸ ವರ್ಷಕ್ಕೆ ‘ಕಪಿಲಾ2025’. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲಿ, ಪಾಸ್‌ವರ್ಡ್ ಸೋರಿದ್ದಕ್ಕೆ ಪುರಾವೆ ಇದ್ದಾಗ ಮಾತ್ರ ಬದಲಿಸಿ, ಸುಮ್ಮನೆ ತಾರೀಖು ನೋಡಿ ಬದಲಿಸುವ ಒತ್ತಾಯ ಬೇಡ ಎಂದಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಭದ್ರತಾ ಶಿಫಾರಸಿನಿಂದಲೇ ಅವಧಿಯ ನಿಯಮವನ್ನು ಕೈಬಿಟ್ಟಿತು. ನಿಯಮ ಬಂದ ಊರಲ್ಲೇ ಅದನ್ನು ಕೈಬಿಟ್ಟ ಮೇಲೂ ನಾವು ಅದನ್ನು ಹಿಡಿದುಕೊಂಡು ಕೂತಿದ್ದೇವೆ.

ಅವಧಿಯ ನಿಯಮಕ್ಕೂ ಬೀಗಕ್ಕೂ ಇರುವ ನಂಟು ಕಡಿಮೆ ಜನರ ಗಮನಕ್ಕೆ ಬಂದಿದೆ. ವಿಂಡೋಸ್ ಸರ್ವರಿನಲ್ಲಿ 2003ರಿಂದ ಒಂದು ಸಣ್ಣ ರಿಯಾಯಿತಿ ಇದೆ. ಹಳೆಯ ಪಾಸ್‌ವರ್ಡ್‌ಗಳ ಚರಿತ್ರೆ ಇಟ್ಟುಕೊಳ್ಳುವಂತೆ ಹೊಂದಿಸಿದ್ದರೆ, ಬಂದ ತಪ್ಪು ಪಾಸ್‌ವರ್ಡ್ ಅದೇ ಖಾತೆಯ ಚರಿತ್ರೆಯಲ್ಲಿನ ಕೊನೆಯ ಎರಡರಲ್ಲಿ ಒಂದಾಗಿದ್ದಾಗ ಅದನ್ನು ತಪ್ಪಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಳಸುತ್ತಿರುವ ಯಂತ್ರವೇ ಹಳೆಯದನ್ನು ಮರೆಯದೆ ಕಳಿಸುತ್ತಿರಬಹುದು ಎಂಬ ವಿವೇಕ ಅದರ ಹಿಂದಿದೆ. ಎಲ್ಲ ಬಗೆಯ ಸಂಪರ್ಕಗಳಲ್ಲೂ ಇದು ಕಾಯುತ್ತದೆ ಎಂದು ನೆಚ್ಚಿ ಕೂರುವಂತಿಲ್ಲವಾದರೂ, ಇರುವಷ್ಟು ರಕ್ಷಣೆಯನ್ನೂ ತಿಂಗಳಿಗೊಮ್ಮೆ ಬದಲಿಸುವ ಕಟ್ಟಳೆ ಕಿತ್ತುಕೊಳ್ಳುತ್ತದೆ. ಕೆಲವೇ ತಿಂಗಳಲ್ಲಿ ಮರೆತುಹೋದ ಮೊಬೈಲಿನ ಪಾಸ್‌ವರ್ಡ್ ಆ ಎರಡರ ಆಚೆಗೆ ಜಾರುತ್ತದೆ, ಅಲ್ಲಿಂದ ಬೀಗದ ಸರಣಿ. ನೌಕರ ಏನೂ ಮಾಡದೆ ಇದ್ದಕ್ಕಿದ್ದ ಹಾಗೆ ಲಾಕ್ ಶುರುವಾಯಿತು ಎಂಬ ದೂರಿಗೆ ಇದೂ ಒಂದು ವಿವರಣೆ.

ಇಲ್ಲಿ ಬರುವ ಮೊದಲ ಆಕ್ಷೇಪ ಗಟ್ಟಿಯದೇ: ಮೂರನ್ನು ಹತ್ತು ಮಾಡಿದರೆ ಕಳ್ಳರಿಗೆ ಬಾಗಿಲು ತೆರೆದಂತಲ್ಲವೇ? ಲೆಕ್ಕ ಹಾಕಿ ನೋಡೋಣ. ಹತ್ತು ತಪ್ಪಿಗೆ ಹದಿನೈದು ನಿಮಿಷ ಬೀಗ ಎಂದಿಟ್ಟರೆ, ಹಗಲು ರಾತ್ರಿ ಬಿಡದೆ ಪ್ರಯತ್ನಿಸುವ ಕಳ್ಳನಿಗೆ ದಿನಕ್ಕೆ ಸಿಗುವುದು 960 ಅವಕಾಶ, ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ. ಇಂಗ್ಲಿಷಿನ ಬರೀ ಸಣ್ಣಕ್ಷರಗಳನ್ನು ಮನಸ್ಸಿಗೆ ಬಂದಂತೆ ಎಂಟು ಜೋಡಿಸಿದರೂ ಆಗುವ ಸಾಧ್ಯತೆಗಳು 20 ಸಾವಿರ ಕೋಟಿಗೂ ಮೇಲೆ. ಎಲ್ಲವನ್ನೂ ಮುಗಿಸಲು ಅವನಿಗೆ ಸುಮಾರು ಆರು ಲಕ್ಷ ವರ್ಷ ಬೇಕು. ಮೂರು ತಪ್ಪಿನ ಬಿಗಿ ಇಟ್ಟರೆ ಅದು ಇಪ್ಪತ್ತು ಲಕ್ಷವಾಗುತ್ತದೆ. ಆ ವ್ಯತ್ಯಾಸದಿಂದ ಯಾರಿಗೆ ಏನು? ಇನ್ನು ‘ನಂಜುಂಡ@123’ ಇಟ್ಟವರ ಖಾತೆ ಮೂರನೇ ಊಹೆಯಲ್ಲಿ ಹೋಗದಿದ್ದರೆ ನಾಳೆಯ ಮೂರನೇ ಊಹೆಯಲ್ಲಿ ಹೋಗುತ್ತದೆ. ನಿಸ್ಟ್ ಸಂಸ್ಥೆ ಸತತ ತಪ್ಪುಗಳಿಗೆ ಇಟ್ಟ ಗರಿಷ್ಠ ಮಿತಿ 100. ಕಾರ್ಡ್ ಪಾವತಿ ವ್ಯವಹಾರಕ್ಕೆ ಜಗತ್ತಿನಾದ್ಯಂತ ಅನ್ವಯವಾಗುವ ಪಿಸಿಐ ಮಾನದಂಡ ತನ್ನ ಹಿಂದಿನ ಆರರ ಮಿತಿಯನ್ನು 2022ರ ಆವೃತ್ತಿಯಲ್ಲಿ ಹತ್ತಕ್ಕೆ ಏರಿಸಿತು. ಅದೇ ಮಾನದಂಡ, ಪಾಸ್‌ವರ್ಡ್ ಒಂದನ್ನೇ ನಂಬಿದ ಕಡೆ 90 ದಿನದ ಬದಲಾವಣೆಯನ್ನು ಉಳಿಸಿಕೊಂಡಿದೆ ಎಂಬುದನ್ನೂ ಹೇಳಬೇಕು. ಆದರೆ ಆ ಷರತ್ತೇ ಹೊರದಾರಿಯನ್ನೂ ತೋರಿಸುತ್ತದೆ: ಪಾಸ್‌ವರ್ಡ್ ಒಂದನ್ನೇ ನಂಬಬೇಡಿ.

ಬಿಗಿ ಬೀಗ ನಿಜವಾದ ಕಳ್ಳನನ್ನು ತಡೆಯುವುದೂ ಅಷ್ಟಕ್ಕಷ್ಟೆ. ಈಗಿನ ಕಳ್ಳ ಒಂದೇ ಖಾತೆಯ ಮೇಲೆ ನೂರು ಪಾಸ್‌ವರ್ಡ್ ಹೊಡೆಯುವುದಿಲ್ಲ; ನೂರು ಖಾತೆಗಳ ಮೇಲೆ ಒಂದೇ ಸುಲಭ ಪಾಸ್‌ವರ್ಡ್ ಹೊಡೆದು ಸುಮ್ಮನಾಗುತ್ತಾನೆ. ಯಾವ ಖಾತೆಯೂ ಲಾಕ್ ಆಗುವುದಿಲ್ಲ, ಯಾರಿಗೂ ಸುಳಿವಿಲ್ಲ. 2023ರ ನವೆಂಬರ್ ಕೊನೆಯಲ್ಲಿ ಮೈಕ್ರೋಸಾಫ್ಟಿನ ಒಳಗೇ ಹೊಕ್ಕವರು ಈ ದಾರಿಯಲ್ಲಿ ಬಂದರು. ಸಿಕ್ಕಿದ್ದು ಒಂದು ಹಳೆಯ ಪರೀಕ್ಷಾ ಖಾತೆ, ಅದಕ್ಕೆ ಎರಡನೇ ದೃಢೀಕರಣ ಇರಲಿಲ್ಲ. ಇತ್ತ, ಮೂರು ತಪ್ಪಿನ ಬಿಗಿ ಒಬ್ಬ ಕಿಡಿಗೇಡಿಯ ಕೈಗೆ ಆಯುಧವನ್ನೂ ಕೊಡುತ್ತದೆ. ಕಚೇರಿಯ ಯೂಸರ್ ನೇಮ್‌ಗಳು ಸಾಮಾನ್ಯವಾಗಿ ಹೆಸರು, ಇನಿಷಿಯಲ್ಲಿನಿಂದಲೇ ಆಗಿರುತ್ತವೆ. ಮಾರ್ಚ್ ಕೊನೆಯ ವಾರ, ಬೆಳೆ ಸಾಲ ನವೀಕರಣದ ಸಾಲು ನಿಂತಿರುವಾಗ, ಯಾರಾದರೂ ಪ್ರತಿ ಹೆಸರಿಗೂ ಮೂರು ಸಲ ಬಾಯಿಗೆ ಬಂದದ್ದು ಹೊಡೆದರೆ ಇಡೀ ಶಾಖೆ ಕೈಕಟ್ಟಿ ಕೂರುತ್ತದೆ. ಇದಕ್ಕೆ ಕಂಪ್ಯೂಟರ್ ವಿದ್ಯೆಯೂ ಬೇಕಿಲ್ಲ, ಕಿಡಿಗೇಡಿತನ ಸಾಕು.

ಪಾಸ್‌ವರ್ಡ್ ಜತೆ ಎರಡನೇ ಗುರುತು ಬೇಕೆಂಬುದಕ್ಕೆ ಪುರಾವೆ ಕೇಳುವವರಿಗೆ ಮನೆಯ ಉದಾಹರಣೆ ಒಂದಿದೆ. ಕರ್ನಾಟಕದ ತಾಲ್ಲೂಕು ಕಚೇರಿಗಳು ಇಪ್ಪತ್ತು ವರ್ಷಕ್ಕೂ ಹಿಂದೆ, ಪಾಸ್‌ವರ್ಡ್ ಒಂದರ ಮೇಲೆ ಭಾರ ಹಾಕಲಾಗದು ಎಂದು ಕಂಡುಕೊಂಡಿದ್ದವು. ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಗಣಕೀಕರಿಸಿದ ಭೂಮಿ ಯೋಜನೆಯಲ್ಲಿ, ದಾಖಲೆಗೆ ಕೈಹಾಕುವ ಸಿಬ್ಬಂದಿಗೆ ಬೆರಳಚ್ಚಿನ ಲಾಗಿನ್ ಇಟ್ಟರು. ಪಾಸ್‌ವರ್ಡನ್ನು ಪಕ್ಕದವರಿಗೆ ಹೇಳಬಹುದು, ಆಮೇಲೆ ‘ನಾನು ಮಾಡಿದ್ದಲ್ಲ’ ಎನ್ನಲೂಬಹುದು. ಬೆರಳನ್ನು ಹಾಗೆ ಎರವಲು ಕೊಡಲಾಗದು ಎಂಬುದೇ ತರ್ಕ. ಎಲ್ಲ ಕಚೇರಿಗಳಿಗೂ ಬೆರಳಚ್ಚು ಯಂತ್ರ ತನ್ನಿ ಎಂದು ನಾನು ಹೇಳುತ್ತಿಲ್ಲ, ಅದಕ್ಕೆ ಅದರದೇ ರೇಜಿಗೆಗಳಿವೆ. ಹೊಣೆಗಾರಿಕೆ ಬೇಕಾದಲ್ಲಿ ಎರಡನೇ ಗುರುತು ಸೇರಿಸುವುದು ಮೂರು ತಪ್ಪಿನ ಬೀಗಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದನ್ನು ಈ ರಾಜ್ಯ ತಾನೇ ಒಪ್ಪಿಕೊಂಡಿತ್ತು ಎಂದಷ್ಟೇ ಹೇಳುತ್ತಿದ್ದೇನೆ.

‘ನೌಕರರು ಬೇಜವಾಬ್ದಾರಿಗಳು, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುತ್ತಾರೆ’ ಎಂಬುದು ಇನ್ನೊಂದು ಮಾತು. ಅಂಟಿಸುತ್ತಾರೆ, ನಿಜ. ಏಕೆ ಅಂಟಿಸುತ್ತಾರೆ ಎಂದೂ ಕೇಳಬೇಕಲ್ಲ. ಸಕಾಲ ಕಾಯ್ದೆಯಡಿ ಬರುವ ಸೇವೆಗಳಲ್ಲಿ ತಡವಾದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಉಂಟು, ಅದು ಹೊಣೆಗಾರ ನೌಕರನ ಸಂಬಳದಿಂದ ಹೋಗಬೇಕಾದ ಹಣ. ಲಾಗಿನ್ ಲಾಕ್ ಆದ ಮಾತ್ರಕ್ಕೆ ಸಕಾಲದ ಗಡಿಯಾರ ನಿಲ್ಲುವುದಿಲ್ಲ. ಕೌಂಟರಿನ ಆಚೆ ಮುಡುಕುತೊರೆಯಿಂದಲೋ ಹುಲ್ಲಹಳ್ಳಿಯಿಂದಲೋ ಬಸ್ಸು ಹಿಡಿದು ಬಂದವರು ನಿಂತಿದ್ದಾರೆ. ಐಟಿಯವರ ಫೋನು ಬ್ಯುಸಿ. ಆಗ ಪಕ್ಕದ ಕುರ್ಚಿಯವರ ಲಾಗಿನ್ನಿನಲ್ಲಿ ಕೆಲಸ ಮುಗಿಸುವುದು ಯಾರಿಗಾದರೂ ತೋಚುವ ದಾರಿ. ಅಂದಿನಿಂದ ಆ ಇಬ್ಬರ ಪಾಸ್‌ವರ್ಡ್ ಒಂದೇ ಮನೆಯ ಬೀಗದ ಕೈ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಮೂರು ವರ್ಷದವರೆಗೆ ಸಜೆ ಹೇಳುತ್ತದೆ. ಇಲ್ಲಿ ಮೋಸವಿಲ್ಲ, ಅವಸರ ಮಾತ್ರ. ಆದರೆ ನಾಳೆ ಲೆಕ್ಕದಲ್ಲಿ ಏರುಪೇರು ಬಂದರೆ ದಾಖಲೆಯಲ್ಲಿ ಇರುವುದು ಕೆಲಸ ಮಾಡದವರ ಹೆಸರು. ಭದ್ರತೆಗೆಂದು ಇಟ್ಟ ಬಿಗಿ, ಹೊಣೆಗಾರಿಕೆಯನ್ನೇ ಅಳಿಸಿಹಾಕಿತು.

ಉಳಿದದ್ದು ದುಡ್ಡು ಮತ್ತು ಜನದ ಆಕ್ಷೇಪ. ಸಣ್ಣ ಊರಿನ ಕಚೇರಿಗೆ ಲಾಗ್ ಓದಲು ಬರುವವರನ್ನು ಎಲ್ಲಿಂದ ತರುವುದು? ಇದು ನ್ಯಾಯವಾದ ಪ್ರಶ್ನೆ, ಮುಂದೆ ಇನ್ನೂ ಜೋರಾಗಿ ಕೇಳಿಬರುವ ಪ್ರಶ್ನೆ ಕೂಡ. ದೇಶದ 63 ಸಾವಿರ ಪ್ರಾಥಮಿಕ ಕೃಷಿ ಸಹಕಾರ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ನಿನ್ನೆಯವರೆಗೆ ಲೆಡ್ಜರ್ ಬರೆಯುತ್ತಿದ್ದ ಕಾರ್ಯದರ್ಶಿಗೂ ಲಾಗಿನ್ ಬರುತ್ತಿದೆ. ಪ್ರತಿ ಸಂಘಕ್ಕೂ ಒಬ್ಬ ತಜ್ಞ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ನಂಜನಗೂಡು ಮೈಸೂರಿನಿಂದ 25 ಕಿ.ಮೀ. ಆಸುಪಾಸಿನಲ್ಲಿದೆ, ನರಸೀಪುರ ಅದಕ್ಕಿಂತ ತುಸು ದೂರ. ಲಾಗ್ ನೋಡುವವರು ಮೈಸೂರಿನಲ್ಲೇ ಇದ್ದರೂ ಕೆಲಸವಾಗುತ್ತದೆ, ಏಕೆಂದರೆ 4740ರ ನಮೂದು ಓದಲು ಕಚೇರಿಗೆ ಬರಬೇಕಿಲ್ಲ. ಕಚೇರಿಯಲ್ಲಿ ಬೇಕಾದದ್ದು, ಆ ಯಂತ್ರ ಯಾವ ಮೇಜಿನ ಮೇಲಿದೆ ಎಂದು ತೋರಿಸಬಲ್ಲ ಒಬ್ಬರು. ಲಾಗ್ ಇಡುವುದಂತೂ ಹೆಚ್ಚುವರಿ ಹೊರೆಯಲ್ಲ. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರ ನಿರ್ದೇಶನದಲ್ಲೇ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕೆಂದು ಹೇಳಿದೆ. ಇಡುವುದು ಕಡ್ಡಾಯ, ತೆರೆದು ನೋಡುವುದು ಐಚ್ಛಿಕ ಎಂಬಂತಾಗಿದೆ ಈಗ.

ಹಾಗಾಗಿ ಕಾರ್ಖಾನೆಯ ಆಡಳಿತವಾಗಲಿ, ಸಹಕಾರ ಸಂಘದ ಮಂಡಳಿಯಾಗಲಿ ನಿರ್ವಹಣಾ ಗುತ್ತಿಗೆಯನ್ನು ಮುಂದಿನ ಸಲ ನವೀಕರಿಸುವಾಗ ಒಂದು ಷರತ್ತು ಸೇರಿಸಬೇಕು. ತಿಂಗಳಲ್ಲಿ ಒಂದೇ ಖಾತೆ ಮೂರನೇ ಸಲ ಲಾಕ್ ಆದರೆ, ಬೀಗ ತೆಗೆದ ಮಾತ್ರಕ್ಕೆ ಆ ದೂರು ಮುಚ್ಚಬಾರದು. ಯಾವ ಯಂತ್ರದಿಂದ, ಯಾವ ಕಾರಣಕ್ಕೆ ಎಂಬುದು ಬರಹದಲ್ಲಿ ಬಂದ ಮೇಲೆಯೇ ಮುಚ್ಚಬೇಕು. ಪಾಸ್‌ವರ್ಡ್ ಬದಲಿಸಿದ ದಿನ ಮೊಬೈಲ್, ವೈ-ಫೈ, ಉಳಿಸಿಟ್ಟ ಫೋಲ್ಡರ್ ಎಲ್ಲದರಲ್ಲೂ ಬದಲಿಸಬೇಕೆಂದು ನೌಕರರಿಗೆ ಕನ್ನಡದಲ್ಲಿ ಅರ್ಧ ಪುಟದ ಸೂಚನೆ ಕೊಡಬೇಕು. ರಾತ್ರಿ ಓಡುವ ನಿಗದಿತ ಕೆಲಸಗಳನ್ನು ವ್ಯಕ್ತಿಗಳ ಹೆಸರಿನಿಂದ ತೆಗೆದು ಅದಕ್ಕೆಂದೇ ಇರುವ ಬೇರೆ ಖಾತೆಗೆ ಹಾಕಬೇಕು. ಆಡಿಟ್‌ಗೆ ಬರುವವರು ‘ಲಾಕ್ ನೀತಿ ಇದೆಯೇ? ಇದೆ’ ಎಂದು ಟಿಕ್ ಹಾಕಿ ಏಳುವ ಬದಲು ಕಳೆದ ತ್ರೈಮಾಸಿಕದಲ್ಲಿ ಲಾಕ್ ಆದ ಖಾತೆಗಳ ಪಟ್ಟಿ ತರಿಸಿಕೊಳ್ಳಬೇಕು. ಪ್ರತಿ ಹೆಸರಿನ ಎದುರು ಒಂದು ಕಂಪ್ಯೂಟರಿನ ಹೆಸರು ಇರಬೇಕು, ಇಲ್ಲದ ಸಾಲುಗಳಿಗೆ ವಿವರಣೆ ಕೇಳಬೇಕು.